ತಕರಾರಿನ ಹೊತ್ತು

ನಮ್ಮೂರಿನಲ್ಲಿ ಮಾತು ಇಳಿಯುತ್ತದೆ, ಏರುವುದಿಲ್ಲ. ಮೇಲೆ ನಿಂತವರು ಸಣ್ಣ ದನಿಯಲ್ಲಿ ಆಡಿದರೂ ಕೆಳಗಿನವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಕೆಳಗಿನವರು ಗಂಟಲು ಹರಿಯುವಂತೆ ಕೂಗಿದರೂ ಮೇಲಿನವರ ಕಿವಿಗೆ ಒಂದಕ್ಷರ ಬೀಳುವುದಿಲ್ಲ. ಪರವೂರಿನಿಂದ ಬಂದ ಬೀಗರು ಇದನ್ನು ಕಂಡು ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ವಿಶೇಷವೇನೂ ಇಲ್ಲ. ಮಗು ಏನೋ ಹೇಳಬೇಕೆಂದು ಸೆರಗು ಜಗ್ಗಿದರೆ ತಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ನೆಲಕ್ಕೆ ಕೂರುತ್ತಾಳೆ. ಗಂಡ ಉದ್ದ, ಹೆಂಡತಿ ಗಿಡ್ಡ ಇರುವ ಮನೆಗಳಲ್ಲಿ ಹೊಸ್ತಿಲನ್ನು ಎತ್ತರವಾಗಿ ಕಟ್ಟಿಸಿರುತ್ತಾರೆ. ಹೆಂಡತಿ ಅದರ ಮೇಲೆ ನಿಂತೇ ಸಂಸಾರದ ಮಾತು ತೆಗೆಯುತ್ತಾಳೆ. ಇಬ್ಬರು ಜಗಳಕ್ಕೆ ನಿಂತರೆ ಮೊದಲು ಒಬ್ಬ ಜಗಲಿ ಹತ್ತುತ್ತಾನೆ, ಇನ್ನೊಬ್ಬ ಅದಕ್ಕಿಂತ ಎತ್ತರದ ಕಟ್ಟೆ ಹತ್ತುತ್ತಾನೆ, ಮೊದಲಿನವ ಮಾಳಿಗೆಗೆ ಓಡುತ್ತಾನೆ. ಮಾಳಿಗೆ ಮುಟ್ಟುವಷ್ಟರಲ್ಲಿ ಏದುಸಿರು ಬಂದು ಸಿಟ್ಟು ಅರ್ಧಕ್ಕರ್ಧ ಇಳಿದಿರುತ್ತದೆ. ನಮ್ಮೂರಲ್ಲಿ ಪೊಲೀಸರಿಗೆ ಕೆಲಸ ಕಡಿಮೆ.

ಊರು ಒಂದು ಗುಡ್ಡದ ಮೈಮೇಲೆ ಓಣಿ ಓಣಿಯಾಗಿ ಕೂತಿದೆ. ನೆತ್ತಿಯ ಮೇಲೆ ಶಾಲಾ ಕಚೇರಿ. ಊರಿನ ಎಲ್ಲ ಶಾಲೆಗಳ ಕಾರಭಾರ ಅಲ್ಲಿಂದಲೇ ನಡೆಯುತ್ತದೆ. ಬುಡದಲ್ಲಿ ನಮ್ಮ ತಗ್ಗಿನ ಓಣಿ. ಮೇಲಿನ ಓಣಿಗಳಲ್ಲಿ ಯಾರು ಯಾರಿಗೆ ಏನೆಂದರು, ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎಂಬುದೆಲ್ಲ ಓಣಿಯಿಂದ ಓಣಿಗೆ ಜಾರಿಕೊಂಡು ಬಂದು ಕೊನೆಗೆ ಬೀಳುವುದು ನಮ್ಮ ಓಣಿಗೇ. ನಮ್ಮ ಮಕ್ಕಳು ಒಂದು ಶಾಲೆಯಲ್ಲಿ ಕೂತು ಮೇಲಿನ ಶಾಲೆಗಳ ಮಗ್ಗಿಯನ್ನೂ ಕಲಿತುಬಿಡುತ್ತವೆ. ಊರಿನ ಗುಟ್ಟೆಲ್ಲ ನಮಗೆ ಗೊತ್ತು, ನಮ್ಮ ಗುಟ್ಟು ಯಾರಿಗೂ ಗೊತ್ತಿಲ್ಲ. ಈ ಒಂದು ಬಾಬತ್ತಿನಲ್ಲಿ ನಾವು ಸಾಹುಕಾರರು.

ನಾನು ಕಸ್ತೂರೆವ್ವ, ತಗ್ಗಿನ ಓಣಿಯವಳು. ಶಾಲಾ ಕಚೇರಿಯಲ್ಲಿ ಸಾರುವ ಕೆಲಸ ನನ್ನದು. ಸಂಜೆ ಶಾಲೆಗಳು ಬಿಟ್ಟ ಮೇಲೆ ಕಚೇರಿಯ ಮುಖ್ಯಸ್ಥರಾದ ನಾಡಗೌಡ ಸಾಹೇಬರು ತಮ್ಮ ಮಹಡಿಯ ಕಿಟಕಿಯಿಂದ ಬಾಗಿ ಆವತ್ತಿನ ಹುಕುಮುಗಳನ್ನು ಹೇಳುತ್ತಾರೆ. ಅವರದು ಮೆತ್ತಗಿನ ದನಿ, ಅಂಗಳದ ತನಕ ಬಂದರೆ ಹೆಚ್ಚು. ಅಂಗಳದ ಕಟ್ಟೆಯ ಮೇಲೆ ನಿಂತು ಅದನ್ನು ಊರಿಗೆಲ್ಲ ಮುಟ್ಟಿಸುವುದು ನನ್ನ ಗಂಟಲು. ನಾಳೆ ಶಾಲೆಗೆ ಸೂಟಿ. ಮಕ್ಕಳ ಉಗುರು ಕತ್ತರಿಸಿ ಕಳಿಸಬೇಕು. ಮೂರನೇ ಇಯತ್ತೆಯಲ್ಲಿ ಒಂದು ಎಡಗಾಲಿನ ಚಪ್ಪಲಿ ಸಿಕ್ಕಿದೆ, ಬಲಗಾಲಿನದು ಇದ್ದವರು ಬಂದು ತೆಗೆದುಕೊಂಡು ಹೋಗಬೇಕು. ಇಂಥವನ್ನು ನಾನು ರಾಗವಾಗಿ ಸಾರುತ್ತೇನೆ. ನನ್ನ ದನಿಯ ಬಗ್ಗೆ ನನಗೆ ಜಂಬ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಹೊಸ ಹುಕುಮು ಇದ್ದ ದಿನ ಸಾರಿ ಮುಗಿಸಿ ಕೊನೆಗೊಂದು ಮಾತು ಸೇರಿಸಬೇಕು: "ತಕರಾರು ಇದ್ದವರು ಹೇಳಬಹುದು." ಆಮೇಲೆ ಒಂದು ತಂಬಿಗೆ ನೀರು ಕುಡಿಯುವಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ಮೇಲೆ ಸಾಹೇಬರೂ ಕೈಗಡಿಯಾರ ನೋಡುತ್ತ ಕಿವಿಗೊಟ್ಟು ನಿಲ್ಲುತ್ತಾರೆ. ಯಾರದೂ ತಕರಾರು ಕೇಳಿಬರದೆ ಹೋದರೆ ನಾನು ಗಂಟೆ ಬಾರಿಸುತ್ತೇನೆ, ಹುಕುಮು ಪಾಸಾಗುತ್ತದೆ. ನಮ್ಮೂರಿನ ಶಾಲಾ ಕಚೇರಿ ಹುಟ್ಟಿದಾಗಿನಿಂದ ಈ ಕತೆ ನಡೆಯುವವರೆಗೆ ಒಂದೇ ಒಂದು ತಕರಾರು ಬಂದಿರಲಿಲ್ಲ. ಪರವೂರಿನಿಂದ ದೊಡ್ಡ ಅಧಿಕಾರಿಗಳು ಬಂದಾಗ ನಾಡಗೌಡ ಸಾಹೇಬರು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಪಾಲಕರು ಇಷ್ಟೊಂದು ಸಂತೋಷದಿಂದಿರುವ ಊರು ಇನ್ನೊಂದಿಲ್ಲ ಎಂದು ಅವರು ಮನಸಾರೆ ನಂಬಿದ್ದರು.

ಕೆಳಗೆ ಆ ಹೊತ್ತಿನಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಗೊತ್ತು, ನಾನೂ ಕೆಳಗಿನವಳೇ. ತಕರಾರಿನ ಹೊತ್ತು ಬಂತೆಂದರೆ ಊರಿಗೆ ಊರೇ ಮಾಳಿಗೆ ಹತ್ತಿ ಕೂಗುತ್ತಿತ್ತು. ಮೊದಮೊದಲು ಜನ ನಿಜವಾದ ತಕರಾರನ್ನೇ ಕೂಗುತ್ತಿದ್ದರಂತೆ. ಯಾರಿಗೂ ಕೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಬಾಯಿಗೆ ಬಂದದ್ದನ್ನು ಕೂಗತೊಡಗಿದರು. ಒಬ್ಬನು ಸಾಹೇಬರ ಮೀಸೆಯನ್ನು ಬೈಯುತ್ತಿದ್ದ, ಒಬ್ಬಳು ಗೀಗೀ ಪದ ಹೇಳುತ್ತಿದ್ದಳು, ಮಗದೊಬ್ಬ ತಾನು ಮೆಚ್ಚಿದ ಹುಡುಗಿಯ ಹೆಸರನ್ನು ಮುಗಿಲಿಗೆ ಮುಖ ಮಾಡಿ ಒದರುತ್ತಿದ್ದ. ಆ ಹೊತ್ತಿನಲ್ಲಿ ಆಡಿದ್ದಕ್ಕೆ ಯಾರೂ ಸಿಟ್ಟಾಗಬಾರದು ಎಂಬುದು ಊರಿನ ಕಟ್ಟಳೆ. ನನ್ನ ಅತ್ತೆ ದ್ಯಾಮವ್ವ ಇದರಲ್ಲಿ ಹೆಸರುವಾಸಿ. ಎಪ್ಪತ್ತು ದಾಟಿದರೂ ಆಕೆಯ ಬೈಗುಳ ಕೇಳಲು ಪಕ್ಕದ ಓಣಿಯವರು ಇಳಿದು ಬರುತ್ತಿದ್ದರು. ಮೇಲೆ ಕಟ್ಟೆಯ ಮೇಲೆ ನಿಂತ ನನಗೆ ಕಾಣುತ್ತಿದ್ದುದು ಮಾತ್ರ ಊರ ತುಂಬ ತೆರೆದ ಬಾಯಿಗಳು ಮತ್ತು ಸುಖವಾದ ಮೌನ.

ಇದೆಲ್ಲ ತಮಾಷೆಯಾಗಿಯೇ ನಡೆದುಕೊಂಡು ಹೋಗುತ್ತಿತ್ತು, ನನ್ನ ಮಗಳು ಸಕ್ಕುವಿನ ಶಾಲೆಯ ಮೇಲೆ ಹುಕುಮು ಬರುವ ತನಕ.

ಸಕ್ಕು ಹುಟ್ಟಿದ್ದೇ ಪ್ರಶ್ನೆ ಕೇಳುತ್ತ ಎನ್ನಬೇಕು. ಇರುವೆಗೆ ಮೊಣಕಾಲು ಇದೆಯೇ, ನಿನ್ನೆ ಎಂಬುದು ಎಲ್ಲಿಗೆ ಹೋಯಿತು, ಅಜ್ಜಿಗೆ ಹಲ್ಲು ಬೀಳುತ್ತಿರುವುದು ಆಕೆ ಮತ್ತೆ ಸಣ್ಣವಳಾಗುತ್ತಿರುವುದಕ್ಕೋ. ಇಂಥವಳನ್ನು ಮೊದಲ ವರ್ಷ ಗುಡ್ಡದ ಮೇಲಿನ ಶಾಲೆಗೆ ಹಾಕಿದ್ದೆವು. ನಾನು ದಿನಾ ಹತ್ತಿ ಹೋಗುವವಳು, ಜೊತೆಗೆ ಕರೆದುಕೊಂಡು ಹೋಗಲು ಸಲೀಸು. ದೊಡ್ಡ ಕಟ್ಟಡ, ಹೊಸ ಬೆಂಚು, ಮಾಸ್ತರರಿಗೆ ಎತ್ತರದ ವೇದಿಕೆ, ವೇದಿಕೆಯ ಮೇಲೆ ಕುರ್ಚಿ. ಪಾಠ ಎಲ್ಲರಿಗೂ ಚೆನ್ನಾಗಿ ಕೇಳುತ್ತಿತ್ತು. ಸಕ್ಕು ಕೈಯೆತ್ತಿ ಕೇಳಿದಳು, ಎದ್ದು ನಿಂತು ಕೇಳಿದಳು, ದೀಪಾವಳಿಯ ಹೊತ್ತಿಗೆ ಕೇಳುವುದನ್ನೇ ಬಿಟ್ಟಳು. ಶಾಲೆಯಲ್ಲಷ್ಟೇ ಬಿಟ್ಟಿದ್ದರೆ ಸೈ, ಮನೆಯಲ್ಲೂ ಬಿಟ್ಟಳು. ನಾನು ಅವಳಿಗಿಂತ ತಗ್ಗಾಗಿ ನೆಲದ ಮೇಲೆ ಮಲಗಿ ಕಿವಿ ಕೊಟ್ಟರೂ ನನ್ನ ಮಗಳು ಸುಮ್ಮನೆ ಮುಖ ನೋಡುತ್ತಿದ್ದಳು. ಆ ಚಳಿಗಾಲ ನನಗೆ ಅನ್ನ ರುಚಿಸಲಿಲ್ಲ.

ಮರುವರ್ಷ ಅವಳನ್ನು ನಮ್ಮ ಓಣಿಯ ಶಾಲೆಗೇ ಸೇರಿಸಿದೆವು. ಅದು ಒಂದೇ ಕೋಣೆಯ ಹೆಂಚಿನ ಕಟ್ಟಡ, ಹುಸೇನಸಾಬ ಮಾಸ್ತರರೊಬ್ಬರೇ. ಮಾಸ್ತರರು ಕೋಣೆಯ ನಟ್ಟನಡುವೆ ಎದೆಮಟ್ಟದ ಗುಂಡಿ ತೋಡಿಸಿ ಅದರೊಳಗೆ ಕೂರುತ್ತಾರೆ. ಮಕ್ಕಳು ಗುಂಡಿಯ ಸುತ್ತ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತವೆ. ಅವು ಆಡಿದ್ದೆಲ್ಲ ನೇರವಾಗಿ ಮಾಸ್ತರರ ತಲೆಯ ಮೇಲೆ ಬೀಳುತ್ತದೆ. ಉತ್ತರ ಹೇಳಬೇಕಾದಾಗ ಅವರು ಗುಂಡಿಯೊಳಗಿನ ಸ್ಟೂಲು ಹತ್ತಿ ನಿಲ್ಲುತ್ತಾರೆ, ಹೇಳಿ ಮುಗಿಸಿ ಮತ್ತೆ ಇಳಿದು ಕೂರುತ್ತಾರೆ. ಹತ್ತಿ ಇಳಿದು ಹತ್ತಿ ಇಳಿದು ಅವರ ಮೊಣಕಾಲು ಸವೆದುಹೋಗಿವೆ. ಸಕ್ಕು ಸೇರಿದ ವಾರದಲ್ಲೇ ಅವರು ದಾರಿಯಲ್ಲಿ ನನ್ನನ್ನು ನಿಲ್ಲಿಸಿ, "ಕಸ್ತೂರೆವ್ವ, ನಿನ್ನ ಮಗಳ ಸಲುವಾಗಿ ಎಣ್ಣಿ ಬಾಟ್ಲಿ ಖಾಲಿ ಆತು ನೋಡವ್ವ, ಮೊಣಕಾಲಿಗಿ ಹಚ್ಚಿ ಹಚ್ಚಿ," ಎಂದು ದೂರಿದರು. ಅಷ್ಟು ಸಿಹಿಯಾದ ದೂರನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ನಾಗರಪಂಚಮಿಗೆ ಒಂದು ವಾರವಿತ್ತು. ಸಾಹೇಬರು ಕಿಟಕಿಯಿಂದ ಬಾಗಿ, "ಕಸ್ತೂರೆವ್ವ, ಇವತ್ತ ಒಂದು ಛಲೋ ಸುದ್ದಿ ಐತಿ," ಎಂದರು. "ತಗ್ಗಿನ ಓಣಿ ಸಾಲಿ ಭಾಳ ಹಳೀದಾಗೇತಿ. ಪಂಚಮಿ ಮುಗಿದ ಮ್ಯಾಲೆ ಅದನ್ನ ಮುಚ್ಚಿ ಎಲ್ಲಾ ಮಕ್ಕಳನ್ನೂ ಗುಡ್ಡದ ಸಾಲಿಗಿ ತಗೊಳ್ಳೋಣು. ಹೊಸ ಬೆಂಚು ಕೊಡತೇವಿ, ಮಧ್ಯಾಹ್ನ ಸಿರಾ ಕೊಡತೇವಿ ಅಂತ ಸಾರು." ಅವರ ಮುಖದಲ್ಲಿ ಮಕ್ಕಳಿಗೆ ಒಳ್ಳೆಯದು ಮಾಡುತ್ತಿದ್ದೇನೆಂಬ ಖುಷಿ ಇತ್ತು. ಅದೇ ನನಗೆ ಹೆಚ್ಚು ಸಂಕಟ ಮಾಡಿತು. ಕೆಟ್ಟವರಾಗಿದ್ದರೆ ಶಪಿಸಿ ಹಗುರಾಗಬಹುದಿತ್ತು.

ಸಾರಿದೆ. ನನ್ನ ಮಗಳ ಬಾಯಿ ಮುಚ್ಚಿಸುವ ಸುದ್ದಿಯನ್ನು ನನ್ನ ಬಾಯಿಂದಲೇ ಸಾರಿದೆ. "ತಕರಾರು ಇದ್ದವರು ಹೇಳಬಹುದು" ಎಂದು ಮುಗಿಸಿ, ಊರಿಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿ ಹೇಳಿದೆ: "ನಂದೈತ್ರಿ ತಕರಾರು. ಸಾಹೇಬ್ರ, ನಂದೈತಿ." ಸಾಹೇಬರು ಗಡಿಯಾರ ನೋಡುತ್ತಿದ್ದರು. ನಾನು ಅಂಗಳದಲ್ಲಿ, ಅವರು ಮಹಡಿಯಲ್ಲಿ. "ಆತು, ಬಾರಿಸು," ಎಂದರು ನಗುತ್ತ. ಗಂಟೆಯ ಹತ್ತಿರ ಹೋದೆ. ಒಳಗಿನ ನಾಲಗೆ ಬರೀ ಒಂದು ಕೊಕ್ಕೆಯಲ್ಲಿ ನೇತಾಡುತ್ತಿರುತ್ತದೆ. ಸಾಹೇಬರಿಗೆ ಕಾಣದಂತೆ ಅದನ್ನು ಬಿಡಿಸಿ ಉಡಿಯೊಳಗೆ ಹಾಕಿಕೊಂಡೆ. ಆಮೇಲೆ ಹಗ್ಗ ಜಗ್ಗಿ, ಸದ್ದು ಬರುತ್ತಿಲ್ಲವೆಂದು ಸಾಹೇಬರಿಗೆ ಕೈಯಾಡಿಸಿ ತೋರಿಸಿದೆ. "ಏನಾತಿದಕ್ಕ?" ಎಂದು ಅವರು ಹುಬ್ಬು ಗಂಟಿಕ್ಕಿದರು. "ಇರಲಿ, ರಿಪೇರಿ ಮಾಡಸು. ಪಂಚಮಿ ಆದ ಮ್ಯಾಲೆ ಬಾರಿಸಿದರಾತು." ಗಂಟೆಯಾಗದೆ ಹುಕುಮು ಪಾಸಾಗುವಂತಿಲ್ಲ. ಉಡಿಯಲ್ಲಿ ಕಬ್ಬಿಣದ ತುಂಡು ಭಾರವಾಗಿ ತೂಗುತ್ತಿರಲು ಮೆಟ್ಟಿಲಿಳಿದು ಮನೆಗೆ ಬಂದೆ.

ಸಕ್ಕು ಆವತ್ತು ಊಟಕ್ಕೆ ಕೂತಾಗ ಒಂದೂ ಪ್ರಶ್ನೆ ಕೇಳಲಿಲ್ಲ. ರೊಟ್ಟಿ ಮುರಿದುಕೊಂಡು ತಿಂದು, ಕೈ ತೊಳೆದು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಅರ್ಜಿ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರೆದೆವು. ಅರ್ಜಿಗೆ ನಂಬರು ಬಿತ್ತು, ಮರುದಿನ ಉತ್ತರವೂ ಬಂತು: ತಕರಾರನ್ನು ತಕರಾರಿನ ಹೊತ್ತಿನಲ್ಲೇ ಬಾಯಿಮಾತಿನಲ್ಲಿ ಹೇಳತಕ್ಕದ್ದು. ಆಮೇಲೆ ಹುಸೇನಸಾಬ ಮಾಸ್ತರರು ತಮ್ಮ ನೋಯುವ ಮೊಣಕಾಲು ಎಳೆದುಕೊಂಡು ಗುಡ್ಡ ಹತ್ತಿ, ಕಚೇರಿಯ ಮಹಡಿಯನ್ನೂ ಹತ್ತಿ ಸಾಹೇಬರ ಮುಂದೆ ಹೋದರು. ಅಲ್ಲಿ ಸಾಹೇಬರ ಕುರ್ಚಿ ಮೂರು ಮೆಟ್ಟಿಲಿನ ಪೀಠದ ಮೇಲಿದೆ, ಬಂದವರಿಗೆ ನೆಲದ ಮೇಲೆ ಜಮಖಾನೆ. ಮಾಸ್ತರರು ಅರ್ಧ ತಾಸು ಎಲ್ಲವನ್ನೂ ಬಿಡಿಸಿ ಹೇಳಿದರು. ಸಾಹೇಬರು ಪ್ರೀತಿಯಿಂದ ಅವರ ತುಟಿಗಳನ್ನೇ ನೋಡುತ್ತ ತಲೆಯಾಡಿಸಿ, ಚಹಾ ತರಿಸಿ ಕುಡಿಸಿ, "ನೀವ ಸ್ವತಃ ಬಂದು ಒಪ್ಪಿಗಿ ಕೊಟ್ರಲ್ಲ, ಭಾಳ ಸಂತೋಷ ಆತ್ರಿ," ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟರು.

ಮಾಸ್ತರರು ನಮ್ಮ ಮನೆಗೆ ಬಂದು ಇದನ್ನು ಹೇಳುವಾಗ ಅವರಿಗೇ ನಗು ತಡೆಯಲಾಗಲಿಲ್ಲ. ಚಹಾ ಮಾತ್ರ ಚೆನ್ನಾಗಿತ್ತಂತೆ. ಶೇಂಗಾ ಹುರಿಯುತ್ತ ಕೂತಿದ್ದ ನನ್ನ ಅತ್ತೆ ಕೈ ನಿಲ್ಲಿಸಿದಳು.

"ನಿಮ್ಮ ಮಾವನೂ ಹಿಂಗ ಇದ್ದ," ಎಂದಳು ನನ್ನ ಕಡೆ ನೋಡಿ. "ತೆಂಗಿನ ಮರದಂಗ ಉದ್ದ. ನಾ ಹೊಸ್ತಿಲ ಮ್ಯಾಲೆ ನಿಂತರೂ ಆತಗ ಕೇಳತಿದ್ದಿಲ್ಲ. ವರ್ಷಕ್ಕ ಒಂದ ದಿನ ಕೇಳತಿತ್ತು."

"ಯಾವತ್ತು, ಅತ್ತಿ?"

"ಪಂಚಮಿ ದಿನ. ಜೋಕಾಲಿ ಮ್ಯಾಲಿಂದ ಹೇಳತಿದ್ದೆ. ಆತ ಗಿಡದ ಬುಡಕ್ಕ ನಿಂತು ಹೂಂ ಹೂಂ ಅಂತಿದ್ದ. ಮೂಗುತಿ, ಎಮ್ಮಿ, ಹಿತ್ತಲ ಬಾವಿ, ಎಲ್ಲಾ ಜೋಕಾಲಿ ಮ್ಯಾಲಿಂದ ಬಿದ್ದಾವ."

ಮಾಸ್ತರರೂ ನಾನೂ ಮುಖ ಮುಖ ನೋಡಿಕೊಂಡೆವು. ಕಚೇರಿಯ ಅಂಗಳದ ಮೂಲೆಯಲ್ಲಿ ಒಂದು ಹಳೆಯ ಹುಣಸೆಮರವಿದೆ. ಅದರ ದೊಡ್ಡ ಟೊಂಗೆ ಸಾಹೇಬರ ಮಹಡಿಗಿಂತ ಒಂದಾಳು ಎತ್ತರ.

ಪಂಚಮಿ ಬರುವ ತನಕ ನಮ್ಮ ಓಣಿಯಲ್ಲಿ ಉಂಡಿ ಕಟ್ಟುವ ಕೆಲಸದ ಜೊತೆಗೆ ಮಾತು ಕಟ್ಟುವ ಕೆಲಸವೂ ನಡೆಯಿತು. ಜೋಕಾಲಿ ತುತ್ತತುದಿಯಲ್ಲಿ ನಿಲ್ಲುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರೊಳಗೆ ಎರಡು ಮಾತು ಹೊರಬಿದ್ದರೆ ದೊಡ್ಡದು. ಮಾಸ್ತರರು "ಮಾನ್ಯ ಸಾಹೇಬರ ಸನ್ನಿಧಾನದಲ್ಲಿ ತಗ್ಗಿನ ಓಣಿಯ ಸಮಸ್ತ ಪಾಲಕರ ವಿನಂತಿ" ಎಂದು ಶುರು ಮಾಡಿಕೊಟ್ಟರು. ದ್ಯಾಮವ್ವ ಬೆಲ್ಲ ಮುರಿಯುತ್ತ, "ಮಾಸ್ತರ, ಸನ್ನಿಧಾನ ಅನ್ನೂದ್ರಾಗ ನಾ ಕೆಳಗ ಬಂದಿರತೇನಿ," ಎಂದಳು. ಸನ್ನಿಧಾನ ಹೋಯಿತು, ಸಮಸ್ತ ಹೋಯಿತು, ಕೊನೆಗೆ ವಿನಂತಿಯೂ ಹೋಯಿತು. ಮಾಸ್ತರರಿಗೆ ಸ್ವಲ್ಪ ಬೇಜಾರಾಯಿತು.

ಪಂಚಮಿಯ ಬೆಳಿಗ್ಗೆ ಮೇಲಿನ ಓಣಿಯವರು ಏಳುವ ಮುಂಚೆಯೇ ನನ್ನ ಗಂಡ ಫಕೀರಪ್ಪ ಹುಣಸೆಮರ ಹತ್ತಿ ಹೊಸ ಮಿಣಿಹಗ್ಗದ ಜೋಕಾಲಿ ಕಟ್ಟಿದ. ಹೊತ್ತೇರುವಷ್ಟರಲ್ಲಿ ಊರ ಹೆಣ್ಣುಮಕ್ಕಳೆಲ್ಲ ಅಂಗಳದಲ್ಲಿ ಸೇರಿದ್ದರು. ಬುಟ್ಟಿಗಳಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು. ಸಾಹೇಬರು ಮಹಡಿಯ ಬಿಸಿಲುಮಚ್ಚಿನಲ್ಲಿ ಎತ್ತರದ ಕುರ್ಚಿ ಹಾಕಿಸಿಕೊಂಡು, ಯಾರೋ ಕೊಟ್ಟ ಉಂಡಿ ತಿನ್ನುತ್ತ ಹಬ್ಬ ನೋಡುತ್ತಿದ್ದರು. ದ್ಯಾಮವ್ವ ಕಚ್ಚೆ ಬಿಗಿದು ಹಲಗೆಯ ಒಂದು ತುದಿಗೆ ನಿಂತಳು, ಇನ್ನೊಂದು ತುದಿಗೆ ನಾನು. ಇಬ್ಬರೂ ಜೀಕತೊಡಗಿದೆವು. ಮೊದಲು ಕಿಟಕಿ ಕಂಡಿತು, ಆಮೇಲೆ ಬಿಸಿಲುಮಚ್ಚು, ಆಮೇಲೆ ಸಾಹೇಬರ ಬೋಳುತಲೆ. ಅವರನ್ನು ಮೇಲಿನಿಂದ ನೋಡಿದ್ದು ನನಗೆ ಅದೇ ಮೊದಲು.

"ತಗ್ಗಿನ ಓಣಿ ಸಾಲಿ," ಎಂದಳು ದ್ಯಾಮವ್ವ ತುದಿಯಲ್ಲಿ. ಇಳಿದೆವು, ಏರಿದೆವು. "ಮುಚ್ಚಬ್ಯಾಡ್ರಿ," ಎಂದಳು.

ಸಾಹೇಬರು ಕುರ್ಚಿಯಿಂದ ಧಡಕ್ಕನೆ ಎದ್ದರು. ಅವರ ನೆತ್ತಿಯ ಮೇಲೆ ಮಾತು ಬೀಳುವುದೆಂದರೆ ವರ್ಷಕ್ಕೊಮ್ಮೆ ದೊಡ್ಡ ಅಧಿಕಾರಿ ಬಂದು, ಅವರ ಕುರ್ಚಿಗಿಂತ ಎತ್ತರದ ಕುರ್ಚಿಯಲ್ಲಿ ಕೂತಾಗ ಮಾತ್ರ. ಅರ್ಧ ತಿಂದ ಉಂಡಿಯನ್ನು ಅಂಗೈಯೊಳಗೆ ಇಟ್ಟುಕೊಂಡೇ ಕೈಮುಗಿದು ಮುಗಿಲು ನೋಡಿ, "ಆಗಲ್ರಿ ಸಾಹೇಬ್ರ, ಅಪ್ಪಣಿ ಆದಂಗ," ಎಂದರು. ನಾವು ಆಗ ಕೆಳಗಿದ್ದೆವು, ನಮಗೆ ಸ್ಪಷ್ಟವಾಗಿ ಕೇಳಿತು. ದ್ಯಾಮವ್ವನಿಗೆ ನಗು ಬಂದು ಜೀಕುವುದು ತಪ್ಪಿತು. "ಕಾರಣ ಏನಂತ ಬರಕೋಬೇಕ್ರಿ, ಸಾಹೇಬ್ರ?" ಎಂದು ಅವರು ಮುಗಿಲನ್ನು ಕೇಳಿದರು. ಮೇಲೇರಿದಾಗ ನಾನು ಹೇಳಿದೆ: "ಅಲ್ಲಿ ಮಕ್ಕಳ ಮಾತು." ಇಳಿದು ಮತ್ತೆ ಏರಿದಾಗ ಹೇಳಿದೆ: "ಮಾಸ್ತರಿಗಿ ಕೇಳತೈತ್ರಿ."

ನನ್ನ ದನಿಯನ್ನು ಊರಿಗೆ ಊರೇ ಬಲ್ಲದು, ಸಾಹೇಬರೊಬ್ಬರಿಗೆ ಅದು ಹೊಸದು. ಆದರೂ ಈ ಸಲ ಅವರು ಮುಗಿಲು ಬಿಟ್ಟು ಎದುರಿಗೆ ನೋಡಿದರು. ನನ್ನ ಅತ್ತೆಯ ಸೆರಗು ಅವರ ಮೂಗಿನ ಮುಂದೆ ಹಾದುಹೋಯಿತು. ಜೋಕಾಲಿ ಬಿಚ್ಚಿಸಿರಿ ಎಂದು ಒಂದು ಮಾತು ಅಂದಿದ್ದರೆ ನನ್ನ ನೌಕರಿಯೂ ಮಗಳ ಶಾಲೆಯೂ ಒಟ್ಟಿಗೇ ಹೋಗುತ್ತಿದ್ದವು. ಇಷ್ಟರಲ್ಲಿ ಉಂಡಿ ಅವರ ಮುಷ್ಟಿಯೊಳಗೆ ಪುಡಿಯಾಗಿತ್ತು.

"ಕಸ್ತೂರೆವ್ವ," ಎಂದರು ಕೊನೆಗೆ. "ನಿಮಗ ತಕರಾರು ಐತೇನು?"

"ಐತ್ರಿ," ಎಂದೆ ತುದಿಗೆ ಹೋಗಿ.

"ಮತ್ತ ಇಷ್ಟು ವರ್ಷ ಯಾರೂ ಏನೂ ಅಂದಿಲ್ಲಲ್ಲ?"

"ಅಂದೇವ್ರೀ," ಎಂದಳು ದ್ಯಾಮವ್ವ. ಇಳಿದು ಬಂದು ಏರಿ, "ಭಾಳ ಅಂದೇವಿ," ಎಂದಳು.

"ಏನಂತ?"

ನನ್ನ ಅತ್ತೆ ಏರಿದಳು, ಬಾಯಿ ತೆರೆದಳು, ಮುಚ್ಚಿಕೊಂಡಳು. ಮುಂದಿನ ಸಲ ಏರಿದಾಗ, "ಹಬ್ಬದ ದಿನ ಬ್ಯಾಡ್ರಿ," ಎಂದಳು. ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆ ನಗು ಸಾಹೇಬರಿಗೆ ಕೇಳದಿದ್ದರೂ ಕಾಣಿಸಿತು. ಅವರ ಮೀಸೆಯ ಕೆಳಗೂ ಏನೋ ಅಲುಗಾಡಿತು. ಜೋಕಾಲಿಯ ಮರ್ಮ ಆಗ ನಮಗೆ ಹೊಳೆಯಿತು. ಕೆಳಗೆ ಬಂದಾಗ ಅವರದು ನಮಗೆ ಕೇಳುತ್ತದೆ, ಮೇಲೆ ಹೋದಾಗ ನಮ್ಮದು ಅವರಿಗೆ ಕೇಳುತ್ತದೆ. ಕಚೇರಿಗೂ ಊರಿಗೂ ನಡುವೆ ಎರಡೂ ಕಡೆಯ ಮಾತುಕತೆ ನಡೆದದ್ದು ಅದೇ ಮೊದಲು.

ಸಾಹೇಬರು ಬಿಸಿಲುಮಚ್ಚಿನ ಕಟಾಂಜನ ಹಿಡಿದು ಯೋಚಿಸಿದರು. "ದೊಡ್ಡವರ ಮಾತು ಕೇಳಿದೆ. ಆದರ ಗುಡ್ಡದ ಸಾಲ್ಯಾಗ ಮಕ್ಕಳು ಒಂದು ದಿನಾನೂ ಏನೂ ಅಂದಿಲ್ಲ. ಭಾಳ ಶಿಸ್ತಿನಿಂದ ಸುಮ್ಮನ ಕುಂತಿರತಾವ. ಮಕ್ಕಳಿಗೇನು ಬೇಕಂತ ಒಂದು ಮಗುನ ಬಾಯಿಲೆ ಕೇಳತೇನಿ. ಕರೀರಿ ಯಾರನ್ನರ."

ಜೋಕಾಲಿ ನಿಲ್ಲಿಸಿ ದ್ಯಾಮವ್ವ ಇಳಿದಳು, ನಾನು ಹಲಗೆಯ ಮೇಲೆ ಕೂತೆ. ಜನರ ನಡುವಿನಿಂದ ಯಾರೋ ಸಕ್ಕುವನ್ನೇ ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿದರು. ಬೇರೆ ಯಾವ ಮಗುವನ್ನಾದರೂ ತರಬಾರದಿತ್ತೇ ಎಂದು ನನ್ನ ಜೀವ ಹೊಯ್ದಾಡಿತು. ಹುಕುಮು ಸಾರಿದ ದಿನದಿಂದ ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಹಸಿವೆಯಾದರೆ ತಾಟು ತೋರಿಸುತ್ತಿದ್ದಳು, ಅಷ್ಟೇ. ಹೆಂಗಸರು ಹಿಂದಿನಿಂದ ನೂಕಿದರು. ಏರಿದೆವು. ಸಕ್ಕು ಹಗ್ಗ ಗಟ್ಟಿಯಾಗಿ ಹಿಡಿದು ಸಾಹೇಬರನ್ನು ನೋಡಿದಳು, ಏನೂ ಅನ್ನಲಿಲ್ಲ. ಇಳಿದೆವು. ಮತ್ತೆ ಏರಿದೆವು, ಮಾತಿಲ್ಲ. ಹೇಳು ಕೂಸೇ ಎಂದು ಅವಳ ಕಿವಿಯಲ್ಲಿ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಮೇಲಿನಿಂದ ಹೇಳುವವರು ಅವಳಿಗೆ ಸಾಕಷ್ಟು ಜನ ಇದ್ದರು. ಅವಳ ಬೆನ್ನು ನನ್ನ ಎದೆಗೆ ಒತ್ತಿಕೊಂಡಿತ್ತು. ಒಮ್ಮೆ ಅವಳು ಉಸಿರು ಎಳೆದುಕೊಂಡದ್ದು ನನಗೆ ಮೈಯಿಂದಲೇ ತಿಳಿಯಿತು.

"ನೀವು ನಮ್ಮ ಸಾಲಿ," ಎಂದಳು ಸಕ್ಕು ತುದಿಯಲ್ಲಿ. ಇಳಿದೆವು. ಮರಳಿ ಏರಿದಾಗ ಕೇಳಿದಳು: "ನೋಡೀರೇನ್ರಿ?"

ಸಾಹೇಬರು ಕಟಾಂಜನದ ಮೇಲಿಂದ ಅವಳ ಕಡೆ ಬಾಗಿದರು. ಜೋಕಾಲಿ ಎರಡು ಸಲ ಹೋಗಿ ಬಂತು. "ಇಲ್ಲವ್ವಾ," ಎಂದರು. "ನೋಡಿಲ್ಲ."

ಆ ಮಾತು ಅಂಗಳಕ್ಕೆ ಬಿತ್ತು. ಅಂಗಳದವರು ಕೆಳಗಿನ ಓಣಿಗೆ ಹೇಳಿದರು, ಆ ಓಣಿಯವರು ತಮ್ಮ ಕೆಳಗಿನವರಿಗೆ. "ಸಾಹೇಬ್ರು ನೋಡಿಲ್ಲಂತ," "ನೋಡೇ ಇಲ್ಲಂತ," ಎನ್ನುತ್ತ ಅದು ಮಾಳಿಗೆಯಿಂದ ಮಾಳಿಗೆಗೆ ಇಳಿದು ನಮ್ಮ ಓಣಿ ಮುಟ್ಟಿತು. ಮೊಣಕಾಲಿನ ದೆಸೆಯಿಂದ ಅಲ್ಲೇ ಉಳಿದಿದ್ದ ಹುಸೇನಸಾಬ ಮಾಸ್ತರರು ಶಾಲೆಯ ಬಾಗಿಲಲ್ಲಿ ನಿಂತು ಅದನ್ನು ಕೇಳಿದರಂತೆ, ಕೇಳಿ ಒಳಗೆ ಹೋಗಿ ಕಸ ಗುಡಿಸಿದರಂತೆ. ಇಷ್ಟು ವರ್ಷ ಕಚೇರಿಯ ಎಷ್ಟೋ ಮಾತು ಸಾರಿದ್ದೇನೆ. ನನ್ನ ಗಂಟಲಿನ ಹಂಗಿಲ್ಲದೆ ತಾನಾಗಿಯೇ ಊರು ಮುಟ್ಟಿದ ಕಚೇರಿಯ ಮಾತು ಅದೊಂದೇ. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಅಳು ಬಂತು.

"ನೋಡಲಾರದ ಸಾಲಿ ನಾ ಹ್ಯಾಂಗ ಮುಚ್ಚಲಿ?" ಎಂದರು ಸಾಹೇಬರು, ಹೆಚ್ಚುಕಡಿಮೆ ತಮ್ಮಷ್ಟಕ್ಕೆ ತಾವೇ. ಆಮೇಲೆ ದನಿಯೇರಿಸಿ, "ಆ ಹುಕುಂ ರದ್ದು," ಎಂದರು.

ಆಮೇಲೆ ಏನೇನೋ ಆಯಿತು. ಆ ಜೋಕಾಲಿಯನ್ನು ಇವತ್ತಿಗೂ ಬಿಚ್ಚಿಲ್ಲ. ತಕರಾರಿನ ಹೊತ್ತಿನಲ್ಲಿ ಈಗ ಪಾಲಕರು ಸಾಲಾಗಿ ನಿಂತು ಒಬ್ಬೊಬ್ಬರೇ ಹಲಗೆ ಹತ್ತುತ್ತಾರೆ. ಮಾತು ಚಿಕ್ಕದಾಗಿ ಕತ್ತರಿಸಿಕೊಂಡು ಬರಬೇಕಾದ್ದರಿಂದ ಅರ್ಧದಷ್ಟು ತಕರಾರುಗಳು ಮನೆಯಲ್ಲೇ ಕರಗಿಹೋಗುತ್ತವೆ. ಸಾಹೇಬರ ಮೀಸೆಯನ್ನು ಬೈಯುವವರಿಗೆ ಮಾತ್ರ ಕಷ್ಟವಾಗಿದೆ, ಅವರು ಬೇರೆ ಹೊತ್ತು ಹುಡುಕಿಕೊಂಡಿದ್ದಾರೆ. ಇದನ್ನೆಲ್ಲ ಎಲ್ಲರೂ ಹೇಳುತ್ತಾರೆ. ನನಗೆ ಹೇಳಬೇಕಾದದ್ದು ಆವತ್ತಿನದೇ ಇನ್ನೊಂದು ಚೂರು ಉಳಿದಿದೆ.

ಸಾಹೇಬರು ಆಗಲೇ ಮಹಡಿ ಇಳಿದರು, ಅಂಗಳಕ್ಕೆ ಬಂದರು. ಹಬ್ಬದ ಗದ್ದಲ ಒಮ್ಮೆಲೇ ಕಿವಿಗೆ ಬಿದ್ದು ತಬ್ಬಿಬ್ಬಾಗಿ ನಿಂತರು. ಯಾರೋ ಅವರ ಕೈಗೆ ಹೊಸ ಉಂಡಿ ಕೊಟ್ಟರು. "ಸಾಲಿ ಎಲ್ಲೈತಿ ತೋರಸವ್ವ," ಎಂದು ಸಕ್ಕುವಿನ ಮುಂದೆ ಕುಕ್ಕರಿಸಿ ಕೂತು ಕೇಳಿದರು. ಸಕ್ಕು ನನ್ನ ಮುಖ ನೋಡಿ, ಮೆಟ್ಟಿಲ ಕಡೆ ಹೊರಟಳು. ನಾನು ಹಿಂದೆ, ದ್ಯಾಮವ್ವ ನನ್ನ ಹಿಂದೆ. ಮೊದಲ ಮೆಟ್ಟಿಲಿಗೇ ಸಕ್ಕು ನಿಂತು ಏನೋ ಅಂದಳು. ಸಾಹೇಬರು ಎತ್ತರದ ಆಸಾಮಿ, ಪಕ್ಕದಲ್ಲಿ ನಡೆಯುತ್ತಿದ್ದವರು ಕೇಳದೆ ಬಗ್ಗಿದರು. ಬಗ್ಗಿ ಕೇಳಿ, "ಇನ್ನೂ ಏನರ ಕೇಳೂದೈತೇನು?" ಎಂದರು.

"ಐತ್ರಿ," ಎಂದಳು ಸಕ್ಕು. "ಭಾಳ ಅದಾವ್ರಿ."

ಸಾಹೇಬರು ಪಂಜೆ ಎತ್ತಿ ಕಟ್ಟಿ, ಅವಳನ್ನು ದಾಟಿ ಐದಾರು ಮೆಟ್ಟಿಲು ಮುಂದೆ ಇಳಿದರು. ಅವರ ತಲೆ ಈಗ ಅವಳ ತುಟಿಗಿಂತ ತಗ್ಗಿನಲ್ಲಿತ್ತು. ಅಲ್ಲಿಂದ ಅವರು ಏನು ಹೇಳಿದರೂ ಸಕ್ಕುವಿಗೆ ಕೇಳುತ್ತಿರಲಿಲ್ಲ. ಉತ್ತರ ಹೇಳಬೇಕೆಂದರೆ ಮತ್ತೆ ಹತ್ತಿ ಬರಬೇಕಿತ್ತು. ನನ್ನ ಮಗಳು ಒಂದರ ಹಿಂದೆ ಒಂದು ಕೇಳತೊಡಗಿದಳು. ತಗ್ಗಿನ ಓಣಿ ಬರುವ ತನಕ ಸಾಹೇಬರು ಒಮ್ಮೆಯೂ ಮೇಲೆ ಹತ್ತಲಿಲ್ಲ.